‘ಎಬ್’ ಮತ್ತು ‘ಇಳಿತ’: ಒಂದು ಶಬ್ದಾರ್ಥ ವಿವೇಚನೆ

ಇಂಗ್ಲಿಷಿನ ‘ಎಬ್’ ಎಂಬ ಪದಕ್ಕೆ ಕನ್ನಡದಲ್ಲಿ ‘ಇಳಿತ’ ಎಂಬ ಸಮಾನಪದ ರೂಢವಾಗಿದೆ. ಕಡಲಿನ ಉಬ್ಬರವಿಳಿತವನ್ನು ವಿವರಿಸುವಾಗ ಇದರಿಂದ ಹೆಚ್ಚಿನ ತೊಡಕು ಕಾಣದು. ಆದರೆ ಈ ಎರಡು ಪದಗಳ ಹಿಂದಿರುವ ಗ್ರಹಿಕೆ ಒಂದೇ ಅಲ್ಲವೆಂಬುದು ಅನುವಾದದಲ್ಲಿ ಅನುಭವಕ್ಕೆ ಬರುತ್ತದೆ.

ಹಳೆಯ ಇಂಗ್ಲಿಷಿನಲ್ಲಿ ಇದರ ನಾಮರೂಪ ‘ಎಬ್ಬ’, ಕ್ರಿಯಾರೂಪ ‘ಎಬ್ಬಿಯನ್’. ಡಚ್ಚಿನ ‘ಎಬ್’ ಇದರ ಜ್ಞಾತಿಪದ. ಜರ್ಮನ್ ಭಾಷೆಗೆ ಈ ಪದ ಬಂದದ್ದು ಉತ್ತರದ ಕಡಲಂಚಿನ ಕೆಳಜರ್ಮನ್ನಿನಿಂದ. ಇವುಗಳ ಮೂಲವನ್ನು ‘ಆಚೆಗೆ, ದೂರಕ್ಕೆ’ ಎಂಬರ್ಥದ ಜರ್ಮಾನಿಕ್ ‘ಅಬ್’ ಎಂಬುದರಲ್ಲಿ ವಿದ್ವಾಂಸರು ಗುರುತಿಸುತ್ತಾರೆ. ಇಂಗ್ಲಿಷಿನ ‘ಆಫ್’, ಲ್ಯಾಟಿನ್ನಿನ ‘ಅಬ್’, ಸಂಸ್ಕೃತದ ‘ಅಪ’ ಎಂಬ ಉಪಸರ್ಗ ಇವೆಲ್ಲ ಅದೇ ಬಳಗದವು. ‘ಅಪಸರಣ’ದಲ್ಲಿರುವ ‘ಅಪ’ ನಮಗೆ ಹೊಸತೇನಲ್ಲ. ಆದ್ದರಿಂದ ‘ಎಬ್’ ಎಂದರೆ ಮೂಲತಃ ನೀರು ದಡದಿಂದ ಹಿಂದೆ ಸರಿಯುವುದು. ಕನ್ನಡದ ‘ಉಬ್ಬರ’, ‘ಇಳಿತ’ಗಳಾದರೋ ಉಬ್ಬು, ಇಳಿ ಎಂಬ ಧಾತುಗಳಿಂದ ಬಂದವು. ಅಲ್ಲಿ ನೋಟ ದಿಕ್ಕಿನ ಮೇಲೆ, ಇಲ್ಲಿ ಮಟ್ಟದ ಮೇಲೆ.

ಇಂಗ್ಲಿಷಿನ ‘ಟೈಡ್’ ಮೊದಲಿಗೆ ಕಾಲವಾಚಿಯಾಗಿತ್ತು. ಕಡಲಿನ ಅರ್ಥ ಅದಕ್ಕೆ ಬಂದದ್ದು ಮಧ್ಯಕಾಲೀನ ಇಂಗ್ಲಿಷಿನಲ್ಲಿ. (ಸಂಸ್ಕೃತದ ‘ವೇಲಾ’ ಶಬ್ದಕ್ಕೂ ಕಾಲ, ಕಡಲತಡಿ, ಉಬ್ಬರ ಎಂಬ ಅರ್ಥಗಳಿವೆ. ಇದು ಅರ್ಥಸಾಮ್ಯವೇ ಹೊರತು ಜ್ಞಾತಿತ್ವವಲ್ಲ.) ಅದಕ್ಕೂ ಮುಂಚೆ ‘ಫ್ಲಡ್’, ‘ಎಬ್’ ಎಂಬ ಜೋಡಿಯೇ ಬಳಕೆಯಲ್ಲಿತ್ತು. ಕ್ರಿ.ಶ. 991ರ ಮಾಲ್ಡನ್ ಕದನವನ್ನು ಕುರಿತ ಹಳೆಯ ಇಂಗ್ಲಿಷ್ ಕಾವ್ಯದಲ್ಲಿ ಈ ಜೋಡಿ ಕಥನದ ಕೀಲಿನಂತಿದೆ: ಉಬ್ಬರದ ನೀರು ಎರಡು ಸೇನೆಗಳನ್ನು ಬೇರ್ಪಡಿಸಿ ನಿಲ್ಲಿಸುತ್ತದೆ, ನೀರು ಸರಿದ ಬಳಿಕವಷ್ಟೇ ದಾರಿ ತೆರೆಯುತ್ತದೆ. ಇಲ್ಲಿಯ ‘ಫ್ಲಡ್’ ಅನ್ನು ‘ನೆರೆ’ ಎಂದು ಅನುವಾದಿಸಿದರೆ ಸನ್ನಿವೇಶವೇ ಕೆಡುತ್ತದೆ.

ಪಾರಿಭಾಷಿಕವಾಗಿಯೂ ಒಂದು ಎಚ್ಚರ ಅಗತ್ಯ. ‘ಎಬ್’ ಎಂಬುದು ನೀರು ಸರಿಯುತ್ತಿರುವ ಅವಧಿ. ‘ಲೋ ಟೈಡ್’ ಅದು ತಲುಪುವ ಕನಿಷ್ಠ ಮಟ್ಟ. ಎರಡನ್ನೂ ‘ಇಳಿತ’ ಎಂದೇ ಕರೆದರೆ ಕ್ರಿಯೆಗೂ ಸ್ಥಿತಿಗೂ ಇರುವ ಭೇದ ಅಳಿಸಿಹೋಗುತ್ತದೆ. ಮೊದಲನೆಯದಕ್ಕೆ ‘ಇಳಿತ’ವನ್ನು ಉಳಿಸಿಕೊಂಡು ಎರಡನೆಯದಕ್ಕೆ ‘ಇಳಿತದ ಕೊನೆಮಟ್ಟ’ ಎನ್ನುವುದು ಲೇಸೆಂದು ತೋರುತ್ತದೆ.

ಲಾಕ್ಷಣಿಕ ಪ್ರಯೋಗಗಳ ಸಮಸ್ಯೆ ಇನ್ನೂ ಜಟಿಲ. ಇಂಗ್ಲಿಷಿನಲ್ಲಿ ಪ್ರಾಣ, ಧೈರ್ಯ, ಉತ್ಸಾಹ ಎಲ್ಲವೂ ‘ಎಬ್’ ಆಗಬಲ್ಲವು. ಕನ್ನಡದಲ್ಲಿ ಧೈರ್ಯ ಉಡುಗುತ್ತದೆ, ಉತ್ಸಾಹ ಕುಗ್ಗುತ್ತದೆ, ದೇಹಬಲ ಕ್ಷೀಣಿಸುತ್ತದೆ. ಇಳಿಯುವುದು ಜ್ವರ, ಅಮಲು, ಸಿಟ್ಟು. ಹೀಗೆ ಇಳಿಯುವುದರಿಂದ ನಮಗೆ ಒಳ್ಳೆಯದೇ ಆಗುತ್ತದೆ! ಸಾಯುತ್ತಿರುವವನ ಪ್ರಾಣಕ್ಕೆ ‘ಇಳಿಯಿತು’ ಎಂದು ಬರೆಯುವ ಅನುವಾದಕ ನಿಘಂಟನ್ನು ನಂಬಿ ಮೋಸಹೋಗಿರುತ್ತಾನೆ.