ಆಟದ ಯಂತ್ರದ ಬಫರ್ ಚಿಪ್ಪು

ಜಪಾನಿನ ನಾಮ್ಕೋ ಸಂಸ್ಥೆಯು 1980ರಲ್ಲಿ ಹೊರತಂದ ‘ಪ್ಯಾಕ್‌-ಮ್ಯಾನ್’ ಎಂಬ ಆಟದ ಹೆಸರನ್ನು ವಾಚಕರಲ್ಲಿ ಅನೇಕರು ಕೇಳಿರಬಹುದು. ನಾಣ್ಯ ಹಾಕಿ ಆಡುವ ಅಂಥ ಯಂತ್ರಗಳ ಒಡಲಲ್ಲಿ ಚಿಪ್ಪುಗಳನ್ನು ಬೆಸೆದ ವಿದ್ಯುನ್ಮಂಡಲ ಫಲಕವೊಂದಿರುತ್ತದೆ. ಆ ಮೂಲ ಫಲಕಗಳ ತಯಾರಿಕೆ ಎಂದೋ ನಿಂತುಹೋಗಿದೆ. ಉಳಿದಿರುವುದನ್ನು ಕಾಪಾಡಿಕೊಳ್ಳುವುದೊಂದೇ ಮಾರ್ಗ. ಅಂಥ ಫಲಕಗಳಲ್ಲಿ ಕೆಡುವ ಭಾಗಗಳಲ್ಲಿ ಬಫರ್ ಎಂಬ ಚಿಪ್ಪೂ ಒಂದು. ಅದನ್ನು ಗುರುತಿಸಿ ಬದಲಾಯಿಸುವ ಬಗೆಯನ್ನು ಇಲ್ಲಿ ವಿಚಾರಮಾಡೋಣ.

ಮೊದಲು, ಬಫರ್ ಏತಕ್ಕೆ ಬೇಕು? ಆ ಕಾಲದ ಅನೇಕ ಆಟಗಳಿಗೆ ಜೆಡ್‌80 ಎಂಬ ಪ್ರೊಸೆಸರೇ ಮೆದುಳು. ಅದರ ಒಂದೊಂದು ಕಾಲೂ ‘ಸೊನ್ನೆ’ಯ ಸಂಕೇತವನ್ನು ಕಳುಹಿಸುವಾಗ ಸುಮಾರು 2 ಮಿಲಿಆಂಪಿಯರ್ ಪ್ರವಾಹವನ್ನಷ್ಟೆ ತಾಳಬಲ್ಲದು. ಹಲವಾರು ಚಿಪ್ಪುಗಳಿಗೆ ಸಂಕೇತ ಮುಟ್ಟಿಸಲು ಇದು ಸಾಲದು. 74ಎಲ್‌ಎಸ್‌245 ಎಂಬ ಬಫರಾದರೋ 24 ಮಿಲಿಆಂಪಿಯರನ್ನು ತಾಳುತ್ತದೆ. ಮೆಲುದನಿಯ ಗುರುವಿನ ಮಾತನ್ನು ದೊಡ್ಡ ದನಿಯಲ್ಲಿ ಸಭೆಗೆ ಸಾರುವ ಶಿಷ್ಯನಂತೆ ಇದರ ಕೆಲಸ. ಇದಕ್ಕೆ 20 ಕಾಲುಗಳು. ಎಂಟು ಸಂಕೇತಗಳು ಒಂದು ಪಕ್ಕದಿಂದ ಇನ್ನೊಂದಕ್ಕೆ ಹಾಯುತ್ತವೆ. ಯಾವ ಕಡೆಗೆ ಹಾಯಬೇಕೆಂಬುದನ್ನು 1ನೆಯ ಕಾಲು ನಿರ್ಧರಿಸುತ್ತದೆ. 19ನೆಯ ಕಾಲು ಕೆಳಮಟ್ಟದಲ್ಲಿದ್ದಾಗ ಮಾತ್ರ ದಾರಿ ತೆರೆದಿರುತ್ತದೆ.

ಈ ಬಗೆಯ ಚಿಪ್ಪುಗಳು 0.8 ವೋಲ್ಟಿಗಿಂತ ಕಡಿಮೆಯಾದುದನ್ನು ‘ಸೊನ್ನೆ’ ಎಂದೂ 2 ವೋಲ್ಟಿಗಿಂತ ಹೆಚ್ಚಾದುದನ್ನು ‘ಒಂದು’ ಎಂದೂ ಓದುತ್ತವೆ. ಕೆಟ್ಟ ಬಫರಿನ ಸಂಕೇತವು ಇವೆರಡರ ನಡುವೆ ತೂಗಾಡಬಹುದು. ಆಗ ಪ್ರೊಸೆಸರು ತಪ್ಪು ಆಜ್ಞೆಗಳನ್ನೋದಿ ದಾರಿತಪ್ಪುತ್ತದೆ. ತೆರೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ತುಂಬುತ್ತವೆ.

ಪರೀಕ್ಷೆಗೆ ಆಸಿಲೋಸ್ಕೋಪು ಬೇಕು. ದಾರಿ ತೆರೆದಿರುವಾಗ ಒಳಬರುವ ಮತ್ತು ಹೊರಹೋಗುವ ಸಂಕೇತಗಳನ್ನು ಹೋಲಿಸಿ ನೋಡಬೇಕು. ಒಳಬರುವುದು ಸರಿಯಾಗಿದ್ದು ಹೊರಹೋಗುವುದು ಕೆಟ್ಟಿದ್ದರೆ ಬಫರಿನ ಮೇಲೆ ಸಂಶಯ ಹುಟ್ಟುತ್ತದೆ. ಆದರೆ ಸಂಶಯವೇ ನಿರ್ಣಯವಲ್ಲ! ಮುಂದಿನ ಚಿಪ್ಪಿನ ದೋಷವೂ ಈ ಸಂಕೇತವನ್ನು ಎಳೆದು ಕೆಡಿಸಬಲ್ಲದು. ಆದುದರಿಂದ ವಿದ್ಯುತ್ತನ್ನು ನಿಲ್ಲಿಸಿ, ಆ ಒಂದು ಕಾಲನ್ನು ಕತ್ತರಿಸಿ ತುಸು ಮೇಲೆತ್ತಬೇಕು. ಮತ್ತೆ ವಿದ್ಯುತ್ತನ್ನು ಕೊಟ್ಟಾಗ ಚಿಪ್ಪಿನ ಕಡೆಯ ತುಂಡಿನಲ್ಲಿ ಸಂಕೇತ ಸರಿಹೋದರೆ ಬಫರು ನಿರ್ದೋಷಿ. ಕಾಲನ್ನು ಬೆಸುಗೆಯಿಂದ ಮತ್ತೆ ಕೂಡಿಸಬಹುದು. ಸರಿಹೋಗದಿದ್ದರೆ ಅದನ್ನು ತೆಗೆಯಲೇಬೇಕು.

ತೆಗೆಯುವಾಗ ಇಡೀ ಚಿಪ್ಪನ್ನು ಮೀಟಿ ಕೀಳುವುದು ದೊಡ್ಡ ತಪ್ಪು. ಬೆಸುಗೆ ಪೂರ್ಣ ಕರಗದಿದ್ದರೆ, ರಂಧ್ರದ ಒಳಮೈಗೆ ಲೇಪಿಸಿದ ತೆಳು ತಾಮ್ರವೂ ಕಾಲಿನೊಡನೆ ಕಿತ್ತುಬರುತ್ತದೆ. ಅದಕ್ಕೆ ಬದಲಾಗಿ, ವಿದ್ಯುತ್ತನ್ನು ನಿಲ್ಲಿಸಿ, ಸಣ್ಣ ಕಟ್ಟರಿನಿಂದ ಎಲ್ಲ ಕಾಲುಗಳನ್ನೂ ಬುಡದಲ್ಲಿ ಕತ್ತರಿಸಿ ಚಿಪ್ಪಿನ ಒಡಲನ್ನು ಬೇರ್ಪಡಿಸೋಣ. ಅನಂತರ ಒಂದೊಂದೇ ಕಾಲನ್ನು ಕಾಯಿಸಿ ಇಕ್ಕುಳದಿಂದ ಮೆಲ್ಲನೆ ಎತ್ತಿ, ರಂಧ್ರದಲ್ಲುಳಿದ ಬೆಸುಗೆಯನ್ನು ಹೀರುಗೊಳವೆಯಿಂದ ತೆಗೆಯಬೇಕು. ಅಲ್ಲಿ 20 ಕಾಲುಗಳ ಸಾಕೆಟ್ಟನ್ನು ಬೆಸೆದು, ಹೊಸ ಚಿಪ್ಪಿನ ಕಚ್ಚು ಹಳೆಯದರ ದಿಕ್ಕಿಗೇ ಇರುವಂತೆ ಕೂರಿಸಿದರೆ ಕೆಲಸ ಮುಗಿಯಿತು. ಮುಂದೆಂದಾದರೂ ಅದು ಕೆಟ್ಟರೆ ಬೆಸುಗೆಯ ತೊಡಕೇ ಇಲ್ಲ.

ಚಿಪ್ಪು ಹೋದರೆ ಇನ್ನೊಂದು ಸಿಕ್ಕೀತು. ಫಲಕ ಹೋದರೆ ಸಿಗದು. ದುರಸ್ತಿಯ ಪ್ರತಿಯೊಂದು ಹೆಜ್ಜೆಯಲ್ಲೂ ನಾವು ನೆನೆಯಬೇಕಾದ ಮಾತು ಇದೇ.