ರಾತ್ರಿ ಎರಡು ಗಂಟೆಯ ತೀರ್ಪು

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

"ಹನ್ನೆರಡಾದರೂ ಮಲಗಲ್ಲ, ಏಳಾದರೂ ಏಳಲ್ಲ" ಎಂದು ನಿನ್ನಮ್ಮ ಫೋನಿನಲ್ಲಿ ದೂರಿದಳು. ಹಿಂದಿನಿಂದ ನಿನ್ನಪ್ಪ ಕುಂಭಕರ್ಣನ ಬಿರುದು ಕೊಟ್ಟಿದ್ದೂ ಕೇಳಿಸಿತು. ನಿನ್ನ ವಾರಿಗೆಯ ಮಕ್ಕಳಿರುವ ಮನೆಗಳಲ್ಲೆಲ್ಲ ಇದೇ ಜಗಳ. ಅದಕ್ಕೇ ನಿನಗೆ ಬರೆಯಬೇಕಾದ್ದನ್ನು ನಾಲ್ಕು ಜನ ಓದಲಿ ಎಂದು ಪತ್ರಿಕೆಗೆ ಕಳಿಸುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಹೆದರಬೇಡ.

ಮೊದಲು ನಿನ್ನ ಪರವಾಗಿ ಮಾತಾಡುತ್ತೇನೆ. ಪಿಯು ಮಕ್ಕಳಿಗೆ ಬಯಾಲಜಿ ಪಾಠ ಮಾಡಿದವಳಲ್ಲವೇ. ಹತ್ತಕ್ಕೆ ದೀಪ ಆರಿಸಿದರೂ ನಿನಗೆ ನಿದ್ದೆ ಹತ್ತದಿದ್ದರೆ ಅದನ್ನು ಸೋಮಾರಿತನ ಎನ್ನುವುದು ತಪ್ಪು. ಕತ್ತಲಾದ ಮೇಲೆ ಮಿದುಳಿನ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಒಸರುತ್ತದೆ, ಮೈಗೆ ರಾತ್ರಿಯಾಯಿತೆಂದು ತಿಳಿಸುತ್ತದೆ. ಮೀಸೆ ಮೂಡುವ ವಯಸ್ಸಿನಲ್ಲಿ ಈ ಸುದ್ದಿ ಒಂದೆರಡು ಗಂಟೆ ತಡವಾಗಿ ಬರುತ್ತದೆ. ಎಚ್ಚರವಿದ್ದಷ್ಟೂ ಕೂಡುತ್ತ ಹೋಗುವ ನಿದ್ದೆಯ ಒತ್ತಡವೂ ಆಗ ನಿಧಾನಕ್ಕೆ ಏರುತ್ತದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್ಕಾಡನ್ ಹದಿಹರೆಯದವರನ್ನು ಪ್ರಯೋಗಾಲಯದಲ್ಲಿ ಮಲಗಿಸಿ ದಶಕಗಳ ಕಾಲ ಅಳೆದು ನೋಡಿದ್ದು ಇಂಥವನ್ನೇ. ನಿದ್ದೆ ತಡವಾಗಿ ಬರುತ್ತದೆಂದು ಅದರ ಅಗತ್ಯವೇನೂ ತಗ್ಗುವುದಿಲ್ಲ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ಬೇಕು.

ಈಗ ನೀನೇ ಲೆಕ್ಕ ಹಾಕು. ಹನ್ನೆರಡೂವರೆಗೆ ಕಣ್ಣು ಮುಚ್ಚಿ, ಆರರ ಕೋಚಿಂಗ್ ಇರುವ ದಿನ ಐದಕ್ಕೆ ಎದ್ದರೆ ದಕ್ಕಿದ್ದು ನಾಲ್ಕೂವರೆ ಗಂಟೆ. ಬೆಳಗಿನ ಜಾವ ಓದಿದ್ದು ತಲೆಗೆ ಹತ್ತುತ್ತದೆ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಆ ಮಾತು ಹುಟ್ಟಿದ ಕಾಲಕ್ಕೆ ಊರಿಗೆ ಊರೇ ಒಂಬತ್ತಕ್ಕೆ ಮಲಗುತ್ತಿತ್ತು. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಅದನ್ನೇ ಕತ್ತರಿಸಿ ಇನ್ನಷ್ಟು ಓದಿಸಿದರೆ ಏನು ಉಳಿದೀತು? ಅಮೆರಿಕದ ಸಿಯಾಟಲ್ ನಗರದಲ್ಲಿ 2016ರಲ್ಲಿ ಹೈಸ್ಕೂಲಿನ ಹೊತ್ತನ್ನು 7.50ರಿಂದ 8.45ಕ್ಕೆ ಸರಿಸಿದರು. ಮಕ್ಕಳು ಇನ್ನಷ್ಟು ತಡವಾಗಿ ಮಲಗುತ್ತಾರೆಂಬ ಅನುಮಾನ ಅಲ್ಲಿನ ಹಿರಿಯರಿಗೂ ಇತ್ತು. ಅಳೆದು ನೋಡಿದರೆ ನಿದ್ದೆ ಸುಮಾರು 34 ನಿಮಿಷ ಹೆಚ್ಚಿತ್ತು. ಹೈಸ್ಕೂಲು 8.30ಕ್ಕೆ ಮೊದಲು ಶುರುವಾಗಬಾರದೆಂದು ಕ್ಯಾಲಿಫೋರ್ನಿಯಾ ಕಾನೂನನ್ನೇ ಮಾಡಿತು, 2022ರಿಂದ ಜಾರಿಯಲ್ಲಿದೆ. ನಮ್ಮಲ್ಲಿ ಅಂಥದ್ದು ಬರುವ ಹೊತ್ತಿಗೆ ನಿನ್ನ ಮಕ್ಕಳೂ ಪಿಯು ಮುಗಿಸಿರುತ್ತಾರೆ, ಬಿಡು.

ನಿನ್ನಮ್ಮನಿಗೆ ತೋರದ, ನನ್ನನ್ನು ಕಾಡುವ ವಿಷಯ ಬೇರೆ ಇದೆ. ಮಗ್ಗುಲು ಬದಲಿಸುತ್ತ ರಾತ್ರಿ ಎರಡಾದಾಗ ನಿನ್ನ ತಲೆಯಲ್ಲಿ ಏನು ಓಡುತ್ತಿರುತ್ತದೆ? ನನ್ನಿಂದಾಗಲ್ಲ, ಎಲ್ಲರೂ ಮುಂದೆ ಹೋದರು, ಅಪ್ಪ ಕಟ್ಟಿದ ಫೀಸು ದಂಡ. ಪುಟ್ಟಾ, ಆ ಹೊತ್ತಿನಲ್ಲಿ ನಿನ್ನ ಬಗ್ಗೆ ನೀನು ಕೊಟ್ಟುಕೊಳ್ಳುವ ಯಾವ ತೀರ್ಪನ್ನೂ ನಂಬಬೇಡ. ಒಂದು ರಾತ್ರಿ ನಿದ್ದೆಗೆಟ್ಟವರ ಮಿದುಳನ್ನು 2007ರಲ್ಲಿ ಸ್ಕ್ಯಾನ್ ಮಾಡಿ ನೋಡಿದ್ದಾರೆ. ಭಯ, ಆತಂಕಗಳಿಗೆ ಮಿಡಿಯುವ ಅಮಿಗ್ಡಲ ಅತಿಯಾಗಿ ಕೆರಳಿತ್ತು; ಅದನ್ನು ಹಿಡಿತದಲ್ಲಿಡಬೇಕಾದ ಮಿದುಳಿನ ಮುಂಭಾಗದ ಜೊತೆ ಅದರ ನಂಟು ಸಡಿಲವಾಗಿತ್ತು. ಹದಿನೇಳರಲ್ಲಿ ಆ ಮುಂಭಾಗ ಇನ್ನೂ ಬೆಳೆದು ಮುಗಿದಿರುವುದಿಲ್ಲ. ಎರಡಕ್ಕೆ ಬೆಟ್ಟದಷ್ಟಿದ್ದ ಫಿಸಿಕ್ಸ್ ಪಾಠ ಬೆಳಗಿನ ತಿಂಡಿ ಹೊತ್ತಿಗೆ ಬರೀ ಫಿಸಿಕ್ಸ್ ಪಾಠವಾಗುವುದು ಇದರಿಂದಲೇ.

ಏನು ಮಾಡಬೇಕೆಂದು ಕೇಳುತ್ತೀಯ. ಮಲಗುವ ಹೊತ್ತಿನ ಜೊತೆ ಗುದ್ದಾಡಬೇಡ, ಏಳುವ ಹೊತ್ತನ್ನು ಹಿಡಿ. ಭಾನುವಾರವೂ ಅದೇ ಹೊತ್ತು, ಹೆಚ್ಚೆಂದರೆ ಒಂದು ಗಂಟೆ ರಿಯಾಯಿತಿ. ಭಾನುವಾರ ಹನ್ನೊಂದಕ್ಕೆ ಎದ್ದವನಿಗೆ ಆ ರಾತ್ರಿ ಬೇಗ ನಿದ್ದೆ ಬರುವುದಾದರೂ ಹೇಗೆ? ಎದ್ದೊಡನೆ ಮಹಡಿಗೆ ಹೋಗಿ ಸ್ವಲ್ಪ ಹೊತ್ತು ಬೆಳಕಿನಲ್ಲಿ ನಿಲ್ಲು. ಒಳಗಿನ ಗಡಿಯಾರ ಬೆಳಗಿನ ಬೆಳಕಿಗೆ ಮುಂದಕ್ಕೆ ಸರಿಯುತ್ತದೆ. ಕಾಲೇಜಿನಿಂದ ಬಂದು ಸಂಜೆ ಎರಡು ಗಂಟೆ ಮಲಗಿದರೆ ಊಟಕ್ಕೆ ಮೊದಲು ತಟ್ಟೆ ತುಂಬ ಮಂಡಕ್ಕಿ ತಿಂದಂತೆ. ಆಮೇಲೆ ಹಸಿವಿಲ್ಲವೆಂದರೆ ಯಾರ ತಪ್ಪು? ಏಳಕ್ಕೆ ಕುಡಿದ ಕಾಫಿಯ ಕೆಫೀನ್ ಹನ್ನೆರಡಕ್ಕೂ ಅರ್ಧದಷ್ಟು ಮೈಯಲ್ಲಿರುತ್ತದೆ. ಓದುತ್ತ ಕೂರಲು ನಿನ್ನಮ್ಮ ಮಾಡಿಕೊಡುವ ಆ ದೊಡ್ಡ ಲೋಟವನ್ನು ಮಧ್ಯಾಹ್ನಕ್ಕೆ ಸರಿಸಿಕೋ.

ಫೋನಿನ ಬಗ್ಗೆ ಉಪದೇಶ ಕೇಳಿ ನಿನ್ನ ಕಿವಿ ತೂತಾಗಿರಬೇಕು. ಎಲ್ಲರೂ ಅದರ ಬೆಳಕನ್ನೇ ಬೈಯುತ್ತಾರೆ. ನನಗೆ ಭಯ ಅದರೊಳಗಿನ ರ‍್ಯಾಂಕ್ ಪಟ್ಟಿಗಳದ್ದು, ಮಧ್ಯರಾತ್ರಿಯೂ ಮಾರ್ಕ್ಸ್ ಹೋಲಿಸುವ ಗ್ರೂಪುಗಳದ್ದು. ಚಾರ್ಜರನ್ನು ಹಾಲ್‌ನಲ್ಲಿಡು, ಅಪ್ಪನದ್ದೂ ಅಲ್ಲೇ ಇರಲಿ. ಮಂಚದ ಮೇಲೆ ಓದುವುದನ್ನೂ ಬಿಡು. ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆಡೆ ಕೂತು, ಮಂದ ಬೆಳಕಿನಲ್ಲಿ ಏನಾದರೂ ಸಪ್ಪೆ ಪುಸ್ತಕ ಓದು; ತೂಕಡಿಕೆ ಬಂದಾಗಷ್ಟೇ ಹಾಸಿಗೆಗೆ ಹೋಗು. ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ಕೊಟ್ಟ ಈ ಉಪಾಯ ಇಂದಿಗೂ ನಿದ್ರಾಹೀನತೆಯ ಚಿಕಿತ್ಸೆಯಲ್ಲಿದೆ. ಅಜ್ಜಿಯ ನಿದ್ದೆ ಮಾತ್ರೆಯ ಡಬ್ಬಿಗೆ ಮಾತ್ರ ಕೈ ಹಾಕಬೇಡ.

ಇಷ್ಟು ಮಾಡಿದರೂ ಸರಿಹೋಗದಿದ್ದರೆ? ನಿದ್ದೆಗೇಡು ಖಿನ್ನತೆಯ ಒಂದು ಲಕ್ಷಣ ಮಾತ್ರ ಎಂದು ಹಿಂದೆ ತಿಳಿದಿದ್ದರು. ಅದು ಮೊದಲು ಬಂದು ಖಿನ್ನತೆಗೆ ದಾರಿ ಮಾಡಿಕೊಡುವುದೂ ಉಂಟೆಂದು ಈಗ ಗೊತ್ತಾಗಿದೆ. ನಿನ್ನ ವಯಸ್ಸಿನಲ್ಲಿ ಖಿನ್ನತೆ ಅಳುವಾಗಿಯೇ ಬರಬೇಕೆಂದಿಲ್ಲ, ಸಿಡುಕಾಗಿಯೂ ಬರುತ್ತದೆ. ಎರಡು ವಾರ ದಿನವೂ ಮನಸ್ಸು ಕುಸಿದಂತಿದ್ದರೆ, ಕ್ರಿಕೆಟ್ ಕೂಡ ಬೇಡವೆನಿಸಿದರೆ ಹೇಳು. ಬದುಕೇ ಬೇಡವೆನಿಸಿದರೆ ಎರಡು ವಾರ ಕಾಯಬೇಡ, ಬೆಳಗಾಗುವುದನ್ನೂ ಕಾಯಬೇಡ. ಅಪ್ಪ ಅಮ್ಮನನ್ನು ಎಬ್ಬಿಸು, ಇಲ್ಲವೇ 14416ಕ್ಕೆ ಫೋನ್ ಮಾಡು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಟೆಲಿ ಮಾನಸ್ ಅದು. ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮನೋವೈದ್ಯರ ಬಳಿ ಹೋದರೆ ಜನ ಏನಂದಾರು ಎಂದು ನಿನ್ನಪ್ಪ ಗೊಣಗಬಹುದು. ಅವನನ್ನು ನನಗೆ ಬಿಡು. ಶಿವಮೊಗ್ಗದಿಂದ ಬೆಳಗಿನ ಬಸ್ಸಿಗೆ ಬರುತ್ತೇನೆ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವ ಸಾಲಿನಲ್ಲಿ ನಾನು ನಿಲ್ಲುತ್ತೇನೆ, ನೀನು ಕೂತಿರು. ಒಳಗೆ ಡಾಕ್ಟರ ಹತ್ತಿರ ಏನು ಹೇಳಿದೆ ಎಂದು ಕೇಳುವುದಿಲ್ಲ.

ಇಂತಿ,
ನಿನ್ನ ದೊಡ್ಡಮ್ಮ