ಹಳೆಯ ಜಾವಾ ಮತ್ತು ಗೃಹಸ್ಥನ ಲೆಕ್ಕಪುಸ್ತಕ

ಹಳೆಯ ವಾಹನವೊಂದನ್ನು ಕೈಕೆಲಸದಿಂದ ಪುನಃ ಕಟ್ಟಿ ನಿಲ್ಲಿಸಿದವನನ್ನು ಕಂಡಾಗ ನಮ್ಮ ಕೊಪ್ಪಳ ಸೀಮೆಯ ಜನರು ಮೊದಲು ಕೇಳುವುದು 'ಎಷ್ಟು ರೊಕ್ಕ ಹೋತು?' ಎಂದು, ಅದರ ಬೆನ್ನಿಗೇ ಕೇಳುವುದು 'ಮಾರಿದ್ರ ಎಷ್ಟು ಬರತೈತಿ?' ಎಂದು. ಎರಡೂ ಸಾಧುವಾದ ಪ್ರಶ್ನೆಗಳೇ. ಆದರೆ ಕುಷ್ಟಗಿ ತಾಲ್ಲೂಕಿನ ಹೊಲಮನೆಯೊಂದರ ಕೊಟ್ಟಿಗೆಯಲ್ಲಿ ಹೊಟ್ಟಿನ ಚೀಲಗಳ ಹಿಂದೆ ಮಲಗಿದ್ದ, 1970ರ ಆಸುಪಾಸಿನ ಜಾವಾ ಮೋಟಾರ್ ಸೈಕಲ್ಲೊಂದನ್ನು ಕೊಂಡು ತಂದು, ಅದು ಮೈಸೂರಿನ ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಮಾಡಿಸಲು ತೊಡಗಿದ ಮೇಲೆ, ಈ ಎರಡಕ್ಕಿಂತಲೂ ಮುಖ್ಯವಾದ ಮೂರನೆಯ ಪ್ರಶ್ನೆಯೊಂದುಂಟೆಂಬುದು ನನಗೆ ಮನವರಿಕೆಯಾಯಿತು: ಹಣವು ಯಾವ ವೇಗದಲ್ಲಿ ಹೋಯಿತು?

ಹಳೆಯದನ್ನು ಹಳೆಯ ರೀತಿಯಲ್ಲೇ ಕಟ್ಟುವ ಈ ಹಂಬಲ ನಮ್ಮಲ್ಲಷ್ಟೇ ಇರುವುದಲ್ಲ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯದ ತರುಣರು 1930 ಮತ್ತು 40ರ ದಶಕಗಳಲ್ಲಿ ಹಳೆಯ ಫೋರ್ಡ್ ಕಾರುಗಳ, ಅದರಲ್ಲಿಯೂ 1932ರ ಮಾದರಿಯ, ಮಡ್‌ಗಾರ್ಡುಗಳನ್ನು ಕಿತ್ತು, ಭಾರವನ್ನಿಳಿಸಿ, ವಿ-8 ಎಂಜಿನ್ನಿನ ಬಲವನ್ನು ಹೆಚ್ಚಿಸಿ, ಬತ್ತಿದ ಸರೋವರಗಳ ಬಯಲಿನಲ್ಲಿ ಓಡಿಸುತ್ತಿದ್ದ 'ಹಾಟ್ ರಾಡ್'ಗಳನ್ನು ಇಂದಿಗೂ ಆ ಕಾಲದ ಬಿಡಿಭಾಗಗಳಿಂದ, ಆ ಕಾಲದ ವಿಧಾನಗಳಿಂದಲೇ ಕಟ್ಟುವ ಸಂಪ್ರದಾಯಸ್ಥರು ಆ ದೇಶದಲ್ಲಿದ್ದಾರೆ. ನಮ್ಮಲ್ಲಿ ಅಂತಹ ಸಾಹಸಕ್ಕೆ ಎಡೆಯಿಲ್ಲ. ನೋಂದಣಿ ಪತ್ರದ ವಿವರಗಳು ತಯಾರಕನ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಿಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಆದುದರಿಂದ ಆ ಸಂಪ್ರದಾಯಸ್ಥರ ವ್ರತದಲ್ಲಿ ನಮಗೆ ದಕ್ಕುವುದು ಅರ್ಧಭಾಗ, ಅಂದರೆ ಯುಗನಿಷ್ಠೆ ಮಾತ್ರ. ವೇಗದ ಹಂಬಲವನ್ನು ಅವರಿಗೇ ಬಿಟ್ಟುಕೊಡಬೇಕು.

ರುಸ್ತುಂ ಮತ್ತು ಫಾರೂಖ್ ಇರಾನಿಯವರು ಚೆಕೊಸ್ಲೊವಾಕಿಯದ ಜಾವಾ ಕಂಪನಿಯ ಪರವಾನಗಿ ಪಡೆದು ಸ್ಥಾಪಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಉತ್ಪಾದನೆಗೆ ತೊಡಗಿ, ಮುಂದೆ ತನ್ನ ಬಂಡಿಗಳಿಗೆ ಯೆಜ್ಡಿ ಎಂಬ ಹೆಸರನ್ನಿಟ್ಟು, 1996ರಲ್ಲಿ ಬಾಗಿಲು ಮುಚ್ಚಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಕಿಕ್ಕಿಗೂ ಗೇರಿಗೂ ಒಂದೇ ಸನ್ನೆ, 6 ವೋಲ್ಟಿನ ಡೈನಮೋ: ಇವು ಆ ಬಂಡಿಯ ಲಕ್ಷಣಗಳು. ಮಂಕಾದ ದೀಪವನ್ನು ಕಂಡು 12 ವೋಲ್ಟಿಗೆ ಬದಲಾಯಿಸಿಬಿಡಿ ಎಂದು ಸಲಹೆಯಿತ್ತವರು ಹಲವರು. ಅದು ಅಗ್ಗವೂ ಅಹುದು, ಅನುಕೂಲವೂ ಅಹುದು. ಆದರೆ ಇಂತಹ ಬಂಡಿಯನ್ನು ಬಲ್ಲ ಗಿರಾಕಿಯು ಮೊದಲು ಪರೀಕ್ಷಿಸುವುದು ಎಂಜಿನ್ ಮತ್ತು ಚಾಸಿ ನಂಬರುಗಳು ನೋಂದಣಿ ಪತ್ರದೊಡನೆ ತಾಳೆಯಾಗುವುವೋ ಎಂಬುದನ್ನು; ಅನಂತರ ನೋಡುವುದು ಮೂಲಭಾಗಗಳಲ್ಲಿ ಎಷ್ಟು ಉಳಿದಿವೆ ಎಂಬುದನ್ನು. ಇಂದು ಉಳಿಸಿದ ಅಲ್ಪಮೊತ್ತವನ್ನು ಅವನು ನಾಳೆ ಬೆಲೆಯಲ್ಲಿ ಇಮ್ಮಡಿಯಾಗಿ ಮುರಿದುಕೊಳ್ಳುತ್ತಾನೆ.

ಬಿಡಿಭಾಗಗಳಿಗಿಂತ ಹೆಚ್ಚಿನ ಹಣವು ಸಂದದ್ದು ಕೈಗಳಿಗೆ. ಗಂಗಾವತಿಯ ಅಕ್ಕಿ ಗಿರಣಿಗಳನ್ನು ನೆಚ್ಚಿಕೊಂಡು ಬಾಳುವ ಲೇಥ್ ಅಂಗಡಿಗಳಲ್ಲಿ ಗಿರಣಿಯ ಶಾಫ್ಟು, ಟ್ರ್ಯಾಕ್ಟರಿನ ಬುಶ್ಶುಗಳ ನಡುವೆ ನನ್ನ ಕನೆಕ್ಟಿಂಗ್ ರಾಡಿನ ಬುಶ್ಶಿಗೂ ಒಂದು ಸರದಿ ದೊರೆಯಿತು. ಗನ್ ಮೆಟಲ್ಲಿನ ತುಂಡನ್ನು ತಿರುಗಿಸಿ, ಕೂದಲೆಳೆಯಷ್ಟು ಕೆರೆದು, ಪಿನ್ನನ್ನು ಹೆಬ್ಬೆರಳಿನಿಂದಲೇ ಒತ್ತಿ ನೋಡಿ, ಮತ್ತೆ ಕೆರೆಯುತ್ತಿದ್ದ ಆ ಮಿಸ್ತ್ರಿಯನ್ನು ಅವಸರಪಡಿಸಿದಾಗ ಅವರು ತಲೆಯೆತ್ತದೆಯೇ ಹೇಳಿದರು: "ಸರ, ರೊಕ್ಕ ಇದ್ರ ಹೊಸಾ ಗಾಡಿ ಸಿಗತೈತ್ರಿ. ಹಳೇದಕ್ಕ ರೊಕ್ಕದ ಜೋಡಿ ತಾಳಿಕಿನೂ ಬೇಕ್ರಿ." ಈ ತಾಳಿಕೆಗೂ ಒಂದು ಅರ್ಥಶಾಸ್ತ್ರವಿದೆ. ಭತ್ತದ ಕೊಯ್ಲು ನಡೆದು ಗಿರಣಿಗಳು ಎಡೆಬಿಡದೆ ಓಡುವ ದಿನಗಳಲ್ಲಿ ಮಿಸ್ತ್ರಿಯ ಒಂದು ಗಂಟೆಯ ಬೆಲೆಯೇ ಬೇರೆ, ಸುಗ್ಗಿಯ ಗದ್ದಲವಡಗಿದ ಮೇಲಿನ ಬೆಲೆಯೇ ಬೇರೆ. ಕಾಯಬಲ್ಲವನಿಗೆ ಕೂಲಿಯೂ ಇಳಿಯುತ್ತದೆ, ಕೆಲಸವೂ ಹಸನಾಗುತ್ತದೆ.

ಟ್ಯಾಂಕಿನ ಹೊಂಬಣ್ಣದ ಗೆರೆಗಳ ವಿಷಯವೂ ಅಂತೆಯೇ. ಅಂಟಿಸುವ ಪಟ್ಟಿ ಪೇಟೆಯಲ್ಲಿ ಅಗ್ಗಕ್ಕೆ ಸಿಗುತ್ತದೆ; ಆದರೆ ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳವು ಕೊಪ್ಪಳದ ಮಗ್ಗುಲಲ್ಲೇ ಇರುವಾಗ ಅದನ್ನು ಕೊಳ್ಳಲು ಮನಸ್ಸೊಪ್ಪಲಿಲ್ಲ. ಅಲ್ಲಿಯ ಹಿರಿಯ ಚಿತ್ರಗಾರರೊಬ್ಬರು ಕಿರುಬೆರಳನ್ನು ಟ್ಯಾಂಕಿಗೆ ಆನಿಸಿ, ಉಸಿರು ಬಿಗಿಹಿಡಿದು, ಕುಂಚವನ್ನು ಎಲ್ಲಿಯೂ ಎತ್ತದೆ ಒಂದೇ ಎಳೆತಕ್ಕೆ ಗೆರೆಯನ್ನು ಮುಗಿಸಿದರು. ಗರುಡ, ಗೌರಿಯರ ಅಂಚುಗಳನ್ನು ಬರೆದು ಪಳಗಿದ ಕೈಗೆ ತಕ್ಕ ಸಂಭಾವನೆಯನ್ನು ಚೌಕಾಸಿ ಮಾಡದೆ ಕೊಟ್ಟೆ; ಈ ಲೆಕ್ಕದಲ್ಲಿ ನನಗೆ ಅತ್ಯಂತ ತೃಪ್ತಿಯಿತ್ತ ಖರ್ಚು ಅದುವೇ.

ಇಷ್ಟಕ್ಕೂ ಹಣವನ್ನು ಹೊಂದಿಸಿದ ಕ್ರಮವು ಸರಳವಾದುದು. ಬ್ಯಾಂಕಿನಲ್ಲಿ ಒಂದು ವರ್ಷದ ಆರ್.ಡಿ. ತೆರೆದು, ಮನೆಯ ಖರ್ಚು, ವಿಮೆ, ಮಕ್ಕಳ ಶಿಕ್ಷಣದ ಉಳಿತಾಯಗಳೆಲ್ಲ ಸಂದ ಮೇಲೆ ಮಿಕ್ಕಿದ್ದರಿಂದಷ್ಟೇ ಅದಕ್ಕೆ ಕಂತು ಕಟ್ಟಿ, ಅವಧಿ ತುಂಬಿದಾಗ ಬಂದ ಮೊತ್ತಕ್ಕೆ ಎಷ್ಟು ಕೆಲಸವಾಗುವುದೋ ಅಷ್ಟನ್ನೇ ಆ ವರ್ಷ ಮಾಡಿಸುವುದು: ಮೊದಲು ಎಂಜಿನ್, ಅನಂತರ ಚಾಸಿ ಮತ್ತು ತಗಡಿನ ಕೆಲಸ, ಕಡೆಯಲ್ಲಿ ಕ್ರೋಮು ಮತ್ತು ಬಣ್ಣ. ಈ ಅನುಕ್ರಮವನ್ನು ತಲೆಕೆಳಗು ಮಾಡಿ ಮೊದಲೇ ಬಣ್ಣ ಬಳಿಸಿದವರು, ಎಂಜಿನ್ನಿಗೆ ಹಣ ಸಾಲದೆ, ಮಿರುಗುವ ಬಂಡಿಯನ್ನು ಗೋಡೆಗೆ ಒರಗಿಸಿಟ್ಟಿರುವುದನ್ನು ಯಲಬುರ್ಗಾದಲ್ಲಿಯೂ ಕಂಡಿದ್ದೇನೆ. ಇಂತಹ ಹವ್ಯಾಸಕ್ಕೆ ವೈಯಕ್ತಿಕ ಸಾಲವನ್ನಂತೂ ಎತ್ತಲೇಬಾರದು. ಬಡ್ಡಿಯು ಮಿಸ್ತ್ರಿಯ ಬಿಡುವಿಗಾಗಿ ಕಾಯುವುದಿಲ್ಲ.

ಇವೆಲ್ಲಕ್ಕೂ ಮೊದಲು ಕಾಗದಪತ್ರ. ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರ್ಪಟ್ಟದ್ದು 1997ರಲ್ಲಿ. ಆದುದರಿಂದ ನಮ್ಮ ಕಡೆಯ ಹಳೆಯ ಬಂಡಿಯ ದಾಖಲೆಯನ್ನು ರಾಯಚೂರಿನಲ್ಲಿ ಅರಸಬೇಕಾಗಿ ಬಂದೀತು. ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2025ರ ಆಗಸ್ಟಿನ ತಿದ್ದುಪಡಿಯಂತೆ, 20 ವರ್ಷ ದಾಟಿದ ಮೋಟಾರ್ ಸೈಕಲ್ಲಿಗೆ ಇದರ ಶುಲ್ಕ 2,000 ರೂಪಾಯಿ. 50 ವರ್ಷ ಮೀರಿದ ವಾಹನಕ್ಕೆ 2021ರ ನಿಯಮದಂತೆ ವಿಂಟೇಜ್ ನೋಂದಣಿಯೂ ಉಂಟು: ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಆ ನೋಂದಣಿಯ ಫಲಕವನ್ನು ಧರಿಸಿದ ಬಂಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದವುಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಸಂತೆಗೂ ಜಾತ್ರೆಗೂ ಓಡಿಸಬೇಕೆನ್ನುವ ನನ್ನಂತಹವನಿಗೆ ಸಾಮಾನ್ಯ ನವೀಕರಣವೇ ಸಾಕು.

ವಿಮೆಯಲ್ಲಿ, 150ರಿಂದ 350 ಸಿ.ಸಿ.ವರೆಗಿನ ಬಂಡಿಗೆ 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 1,366 ರೂಪಾಯಿ, ತೆರಿಗೆ ಬೇರೆ. ಸಮಗ್ರ ವಿಮೆ ಬೇಕೆಂದರೆ ಬಂಡಿಯ ಮೌಲ್ಯವನ್ನು ಕಂಪನಿಯೂ ಮಾಲೀಕನೂ ಪರಸ್ಪರ ಒಪ್ಪಿ ಗೊತ್ತುಮಾಡಬೇಕಾಗುವುದರಿಂದ, ಪ್ರತಿಯೊಂದು ರಸೀದಿಯನ್ನೂ ಛಾಯಾಚಿತ್ರವನ್ನೂ ಕಾಪಾಡಿಕೊಳ್ಳುವುದು ವಿವೇಕ. ಸ್ವಂತ ಬಳಕೆಯ ವಾಹನವು ಆದಾಯ ತೆರಿಗೆಯ ದೃಷ್ಟಿಯಲ್ಲಿ ಬಂಡವಾಳ ಆಸ್ತಿಯಲ್ಲ. ಮಾರಿ ಲಾಭ ಬಂದರೆ ಬಂಡವಾಳ ಲಾಭದ ತೆರಿಗೆಯಿಲ್ಲ, ನಷ್ಟವಾದರೆ ಅದನ್ನು ಬೇರೆ ಲಾಭದಲ್ಲಿ ಕಳೆಯಲೂ ಬರುವುದಿಲ್ಲ. ಕೊಂಡು, ಕಟ್ಟಿ, ಮಾರುವುದೇ ಪರಿಪಾಠವಾದರೆ ಮಾತ್ರ ಅದು ವ್ಯಾಪಾರದ ಆದಾಯವೆನಿಸುತ್ತದೆ.

ಆದುದರಿಂದ ಹಳೆಯ ಬಂಡಿಯ ಹಣವನ್ನು ಲೆಕ್ಕಪುಸ್ತಕದ ಹೂಡಿಕೆಯ ಪುಟದಲ್ಲಿ ಬರೆಯತಕ್ಕದ್ದಲ್ಲ, ಖರ್ಚಿನ ಪುಟದಲ್ಲಿ ಬರೆಯತಕ್ಕದ್ದು. ಮುಂದೆಂದಾದರೂ ಬೆಲೆ ಬಂದರೆ ಅದು ಪ್ರಸಾದ. ಕೆಲಸದ ವೇಗವು ಉಳಿತಾಯದ ವೇಗವನ್ನು ಮೀರದಂತೆ ನೋಡಿಕೊಳ್ಳುವವನು ಈ ಖರ್ಚನ್ನು ನೆಮ್ಮದಿಯಿಂದ ಮಾಡಬಲ್ಲನು. ಅದಾಗದೆಂದು ತೋರಿದವನು ಎಂಜಿನ್ ಬಿಚ್ಚುವ ಮುನ್ನವೇ ಬಂಡಿಯನ್ನು ಇನ್ನೊಬ್ಬ ಆಸಕ್ತನಿಗೆ ಒಪ್ಪಿಸುವುದು ಲೇಸು, ಏಕೆಂದರೆ ಅರ್ಧ ಬಿಚ್ಚಿದ ಬಂಡಿಗೆ ಗುಜರಿಯ ತೂಕದ ಬೆಲೆಯೇ ಗತಿ.